ವಿರುದ್ಧ ಪದದ ಎರಡು ತುದಿ

ಇಂಗ್ಲಿಷಿನ ‘ಹಾಟ್’ ಬರುವ ಬಹುತೇಕ ಕಡೆ ‘ಕೋಲ್ಡ್’ ಕೂಡ ಬರಬಲ್ಲದು. ನೀರು, ಗಾಳಿ, ಕಾಫಿ, ಎಲ್ಲಕ್ಕೂ ಎರಡೂ ಹೊಂದುತ್ತವೆ. ಹಾಗಾಗಿ ಒಂದು ಪದದ ಅಕ್ಕಪಕ್ಕ ಯಾವ ಪದಗಳು ಬರುತ್ತವೆಂದು ಎಣಿಸಿ ಅರ್ಥ ಅಳೆಯುವ ಕಂಪ್ಯೂಟರಿಗೆ ಈ ಎರಡೂ ಹೆಚ್ಚುಕಡಿಮೆ ಒಂದೇ. ಈ ತೊಡಕು ಬಿಡಿಸಲು ರೆಡ್ಮಂಡ್‌ನ ಮೈಕ್ರೋಸಾಫ್ಟ್ ರಿಸರ್ಚ್‌ನ ಯಿಹ್, ಜ್ವೈಗ್ ಮತ್ತು ಪ್ಲಾಟ್ 2012ರಲ್ಲಿ ಒಂದು ದಾರಿ ತೋರಿಸಿದರು. ಪದಕೋಶದ ನೆರವಿನಿಂದ ಸಮಾನಾರ್ಥಕ್ಕೆ ಕೂಡು ಚಿಹ್ನೆ, ವಿರುದ್ಧಾರ್ಥಕ್ಕೆ ಕಳೆಯುವ ಚಿಹ್ನೆ ಕೊಟ್ಟು ಪದಗಳನ್ನು ಒಂದು ಗೋಳದ ಮೇಲೆ ಹರಡಿದರು. ಸಮಾನಾರ್ಥಕಗಳು ಒತ್ತಟ್ಟಿಗೆ ಬಂದವು, ವಿರುದ್ಧಗಳು ಆಚೆ ಮಗ್ಗುಲಿಗೆ ಸರಿದವು. ಉನ್ನತ ವ್ಯಾಸಂಗದ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ವಿರುದ್ಧಪದದ ಪ್ರಶ್ನೆಗಳಿಗೆ ಹಿಂದಿನ ವಿಧಾನಗಳಿಗಿಂತ ಚೆನ್ನಾಗಿ ಉತ್ತರ ಸಿಕ್ಕಿತು.

ಕೆಲಸ ಮೆಚ್ಚುವಂಥದ್ದೇ. ಒಪ್ಪಲಾಗದ್ದು ಗೋಳದ ಚಿತ್ರ. ಗೋಳದ ಮೇಲಿನ ಒಂದು ಬಿಂದುವಿಗೆ ನೇರ ಎದುರು ಬಿಂದು ಒಂದೇ. ‘ಓಲ್ಡ್’ಗೆ ಎರಡು ಬೇಕು: ಮನುಷ್ಯನಾದರೆ ‘ಯಂಗ್’, ಮನೆಯಾದರೆ ‘ನ್ಯೂ’. ಎರಡನ್ನೂ ಆ ಒಂದೇ ಜಾಗದಲ್ಲಿ ಕೂರಿಸಿದರೆ ಹರೆಯದವನೂ ಹೊಸಬನೂ ಒಂದೇ ಎಂದಾಗುತ್ತದೆ. ನಮ್ಮಲ್ಲೂ ಮುದುಕ ಬೇರೆ, ಹಳೆಯ ಮನೆ ಬೇರೆ. ಅಂದರೆ ವಿರೋಧ ಇರುವುದು ಎರಡು ವಿಶೇಷಣಗಳ ನಡುವೆ ಅಲ್ಲ; ಯಾವುದರ ಬಗ್ಗೆ ಮಾತಾಡುತ್ತಿದ್ದೇವೋ ಆ ವಸ್ತು ಒದಗಿಸುವ ನೆಲದ ಮೇಲೆ. ಬರಿಯ ಪದಗಳನ್ನು ಎತ್ತಿಕೊಂಡು ‘ಇವು ನಿಜವಾಗಿ ವಿರುದ್ಧವೇ’ ಎಂದರೆ ಪ್ರಶ್ನೆಯೇ ಅರ್ಧ.

ನೆಲ ಗೊತ್ತಾದ ಮೇಲೂ ವಿರೋಧವೆಲ್ಲ ಒಂದೇ ಜಾತಿಯದಲ್ಲ. ಅರಿಸ್ಟಾಟಲ್ ಇದನ್ನು ಬಿಡಿಸಿಟ್ಟು ಎರಡು ಸಾವಿರ ವರ್ಷ ದಾಟಿದೆ. ಸಂಖ್ಯೆ ಸಮವಲ್ಲದಿದ್ದರೆ ಬೆಸವೇ, ಮೂರನೆಯದಿಲ್ಲ. ನೀರು ಬಿಸಿಯಿಲ್ಲದಿದ್ದರೆ ತಣ್ಣಗಿರಬೇಕಿಲ್ಲ, ಉಗುರುಬೆಚ್ಚಗಿರಬಹುದು. ಕಳೆಯುವ ಚಿಹ್ನೆ ಎರಡಕ್ಕೂ ಒಂದೇ ಬೆಲೆ ಕಟ್ಟುತ್ತದೆ. ನೀರಿನ ವಿಷಯದಲ್ಲಿ ಅದರಿಂದ ನಷ್ಟವಿಲ್ಲ. ಬಡವ–ಸಿರಿವಂತ, ಜಾಣ–ದಡ್ಡ ಎಂಬ ಜೋಡಿಗಳಲ್ಲಿ ಮಾತ್ರ ನಷ್ಟ ದೊಡ್ಡದು: ಹೆಚ್ಚಿನ ಮಂದಿ ಬದುಕುವುದೇ ನಡುವಿನ ಆ ಜಾಗದಲ್ಲಿ, ಮತ್ತು ‘ಜಾಣನಲ್ಲ’ ಎಂದ ಒಂದು ಮಾತು ಮಗುವನ್ನು ದಡ್ಡರ ಬೆಂಚಿಗೆ ಕಳಿಸಿಬಿಡುತ್ತದೆ.

ಹಾಗಾದರೆ ವಿರುದ್ಧಪದ ಬರಿಯ ರೂಢಿಯೇ? ಅಲ್ಲ. ಉದ್ದಕ್ಕೂ ಗಿಡ್ಡಕ್ಕೂ ಒಂದೇ ಅಳತೆಗೋಲು ಇದೆ. ಉದ್ದಕ್ಕೂ ಸಿಹಿಗೂ ಇಲ್ಲ. ಹಂಚಿಕೊಂಡ ಅಳತೆ ಇದ್ದಲ್ಲಿ ವಿರೋಧ ನಿಜ. ಆದರೆ ಆ ಅಳತೆಯ ಎರಡು ತುದಿಗಳು ಸಮಾನವಲ್ಲ. ಒಂದು ತಿಂಗಳ ಕೂಸಿನ ವಯಸ್ಸು ಕೇಳುವಾಗಲೂ ಇಂಗ್ಲಿಷ್ ಮಂದಿ ಎಷ್ಟು ‘ಓಲ್ಡ್’ ಎಂದೇ ಕೇಳುತ್ತಾರೆ. ಮೊಣಕಾಲೆತ್ತರದ ಗಿಡವನ್ನು ಕಂಡೂ ನಾವು ‘ಎಷ್ಟು ಎತ್ತರ ಬಂದಿದೆ’ ಎನ್ನುತ್ತೇವೆ. ‘ಎಷ್ಟು ಗಿಡ್ಡ’ ಎಂದು ಕೇಳಿದರೆ ಗಿಡ ಗಿಡ್ಡವೆಂದು ಆಗಲೇ ತೀರ್ಮಾನಿಸಿದಂತೆ. ಒಂದು ತುದಿ ಇಡೀ ಅಳತೆಗೆ ಹೆಸರಾಗುತ್ತದೆ, ಇನ್ನೊಂದು ತನ್ನ ಮೂಲೆಯಲ್ಲೇ ಉಳಿಯುತ್ತದೆ.