ಕಾಯಿ ಉದುರಿದ್ದು ಯಾರ ತಪ್ಪಿನಿಂದ?

ಕೃಷಿ ಕಾಲೇಜಿನಲ್ಲಿ ಸಸ್ಯರೋಗಶಾಸ್ತ್ರ ಕಲಿಸುವ ನಾವು ಕೆಲವರು ಮಳೆಗಾಲದಲ್ಲಿ ಮಲೆನಾಡಿನ ಹಳ್ಳಿಶಾಲೆಗಳಿಗೆ ಹೋಗುವುದುಂಟು. ಒಂದು ಸೂಕ್ಷ್ಮದರ್ಶಕ, ನಾಲ್ಕಾರು ಮಸೂರ, ಕೊಳೆರೋಗ ಹಿಡಿದ ಒಂದಷ್ಟು ಅಡಿಕೆಕಾಯಿ: ನಮ್ಮ ಸರಂಜಾಮು ಇಷ್ಟೇ. ಕಾಯಿಯ ಮೇಲಿನ ಬಿಳಿ ಬೂಜನ್ನು ಮಸೂರದಲ್ಲಿ ಕಂಡು ಮಕ್ಕಳು ಬೆರಗಾದರೆ ನಮ್ಮ ಕೆಲಸ ಮುಗಿಯಿತೆಂದೇ ತಿಳಿದಿದ್ದೆವು.

ಒಂದು ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ಕೇಳಿದ: “ಸಾರ್, ನಮ್ಮ ತೋಟಕ್ಕೆ ಎರಡು ಸಲ ಮದ್ದು ಹೊಡೆಸಿದ್ರು. ಆದ್ರೂ ಕಾಯೆಲ್ಲ ಉದುರಿತು. ಕೊನೆಗಾರ ಮೋಸ ಮಾಡಿದ ಅಂತಾರೆ ಅಪ್ಪ. ಹೌದಾ ಸಾರ್?” ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನು ಅದೇ ಕೊನೆಗಾರನ ಮಗನೆಂದು ಆಮೇಲೆ ತಿಳಿಯಿತು. ಮಳೆ ಜಾಸ್ತಿಯಾಗಿರಬೇಕು ಎಂದು ಹಾರಿಕೆಯ ಉತ್ತರ ಕೊಟ್ಟು ನಾವು ಮರಳಿದೆವು. ಆ ಪ್ರಶ್ನೆ ಮಾತ್ರ ನಮ್ಮ ಬೆನ್ನು ಬಿಡಲಿಲ್ಲ.

ನಮ್ಮ ಶಾಸ್ತ್ರದ ಮೊದಲ ಪಾಠವೇ ಒಂದು ತ್ರಿಕೋನ. ರೋಗಕ್ಕೆ ಈಡಾಗುವ ಗಿಡ, ರೋಗ ತರುವ ಜೀವಿ, ಅದಕ್ಕೆ ಒಗ್ಗುವ ಹವೆ ಈ ಮೂರೂ ಕೂಡಿದಾಗ ಮಾತ್ರ ರೋಗ. ಕೊಳೆಗೆ ಕಾರಣ ಫೈಟಾಫ್ತೊರ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ. ಇದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಮಳೆಹನಿಯ ಸಿಡಿತದೊಂದಿಗೆ ಗೊನೆಯಿಂದ ಗೊನೆಗೆ ಹಾರುತ್ತವೆ. ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು ನಲವತ್ತು ದಿನ ಕಳೆದು ಇನ್ನೊಮ್ಮೆ ಬೋರ್ಡೊ ದ್ರಾವಣ ಸಿಂಪಡಿಸಬೇಕು. ಎರಡನೆಯ ಸರದಿಗೆ ಮಳೆ ಬಿಡುವು ಕೊಡದಿದ್ದರೆ ಎಂಥ ಕುಶಲಿ ಕೊನೆಗಾರನೂ ಅಸಹಾಯಕ. ಮೈಲುತುತ್ತು ಮತ್ತು ಸುಣ್ಣದ ಹದ ತಪ್ಪಿದರೂ ಕೆಲಸ ಕೆಡುತ್ತದೆ. ಇಷ್ಟು ಎಳೆಗಳಿರುವಲ್ಲಿ ಒಬ್ಬನ ಹೆಸರು ಹಿಡಿದು ಬೆರಳು ತೋರಿಸುವುದು ಸುಲಭ, ನ್ಯಾಯವಲ್ಲ. ಆ ಬೆರಳು ಹೆಚ್ಚಾಗಿ ಬಡವನ ಕಡೆಗೇ ತಿರುಗುತ್ತದೆ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಎಲ್ಲವೂ ನಿಸರ್ಗದ ಆಟ, ಯಾರಿಗೂ ಹೊಣೆಯಿಲ್ಲ ಎನ್ನೋಣವೇ? ಈ ಮಾತಿನ ಅಪಾಯವನ್ನು ಐರ್ಲೆಂಡಿನ ಚರಿತ್ರೆ ಹೇಳುತ್ತದೆ. 1845ರಲ್ಲಿ ಅಲ್ಲಿನ ಆಲೂಗಡ್ಡೆ ಬೆಳೆಗೆ ಬಿದ್ದದ್ದು ಇದೇ ಫೈಟಾಫ್ತೊರ ಕುಲದ ಇನ್ನೊಂದು ಜೀವಿ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಇದು ದೈವದ ಶಿಕ್ಷೆ ಎಂದು ನಂಬಿದ ಆಳುವವರೂ ಇದ್ದರು. ಆಂಟನ್ ಡಿ ಬಾರಿ ಪ್ರಯೋಗದಿಂದ ನಿಜವಾದ ಕಾರಣವನ್ನು ತೋರಿಸಿದ್ದು 1861ರಲ್ಲಿ. ಆದರೆ ಗಡ್ಡೆ ಕೊಳೆಯಿಸಿದ್ದಷ್ಟೇ ಆ ಜೀವಿಯ ಕೆಲಸ. ಜನ ಹಸಿದಿರುವಾಗಲೂ ಅಲ್ಲಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಿದ್ದುದಕ್ಕೆ ಯಾವ ಬೀಜಕಣವೂ ಕಾರಣವಲ್ಲ. ಕಾರಣ ಬೇರೆ, ತಪ್ಪು ಬೇರೆ, ಹೊಣೆ ಬೇರೆ. ಮೂರನ್ನೂ ಬೇರ್ಪಡಿಸಿ ನೋಡಲು ಕಲಿಸುವುದೇ ವಿಜ್ಞಾನದ ಪಾಠದೊಳಗಿನ ನೀತಿಪಾಠ ಎಂದು ನಮಗೆ ತೋರುತ್ತದೆ.

ಈ ಅಳತೆಯಲ್ಲಿ ನಮ್ಮನ್ನೇ ಅಳೆದುಕೊಂಡಾಗ ನಾಚಿಕೆಯಾಯಿತು. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಭ್ಯಸಿಸಿ ವರದಿ ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದ ಶತಮಾನಕ್ಕೂ ಮೀರಿದ ತಿಳಿವಳಿಕೆ ನಮ್ಮ ಕೈಯಲ್ಲಿದೆ. ಆದರೆ ನಾವು ನಡೆಸಿದ ತರಬೇತಿಗಳಲ್ಲಿ ಮುಂದಿನ ಕುರ್ಚಿಯಲ್ಲಿ ಕೂತವರು ತೋಟದ ಒಡೆಯರು. ಜಾರುವ ಮರ ಹತ್ತಿ, ಮೈಮೇಲೆ ಮದ್ದು ಸುರಿಸಿಕೊಳ್ಳುವ ಕೊನೆಗಾರನನ್ನು ನಾವು ಒಮ್ಮೆಯೂ ಕರೆದಿರಲಿಲ್ಲ. ತಿಳಿದವನು ತಿಳಿಸದೆ ಉಳಿದರೆ ಹೊಣೆಯ ಒಂದು ಪಾಲು ಅವನದೂ ಅಲ್ಲವೇ?

ಮರುವರ್ಷ ಅದೇ ಶಾಲೆಗೆ ಹೋದಾಗ ಮುಖ್ಯೋಪಾಧ್ಯಾಯರ ಮೂಲಕ ಊರಿನ ಕೊನೆಗಾರರನ್ನೂ ಕರೆಸಿದೆವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಮಕ್ಕಳೇ ಸ್ವಲ್ಪ ದ್ರಾವಣ ಮಾಡಿದರು. ತಿಕ್ಕಿದ ಕಬ್ಬಿಣದ ಮೊಳೆಯನ್ನು ಅದರಲ್ಲಿ ಅದ್ದಿದರು. ಮೊಳೆಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಯಾರ ಮೇಲೂ ಶಂಕೆ ಪಡದೆ ಸತ್ಯ ತಿಳಿಯುವ ದಾರಿ ಅದು. ಹಿರಿಯ ಕೊನೆಗಾರರೊಬ್ಬರು, ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ಬಗೆಯನ್ನು ಮಕ್ಕಳಿಗೆ ವಿವರಿಸಿದರು. ಆ ದಿನ ನಾವೂ ಕೇಳುಗರ ಸಾಲಿನಲ್ಲಿದ್ದೆವು.

ಹುಡುಗನ ಅಪ್ಪನ ತೋಟದಲ್ಲಿ ಆ ವರ್ಷ ನಡೆದದ್ದೇನು ಎಂಬುದು ನಮಗೆ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಆ ದಿನವೇ ತರಗತಿಯ ಮುಂದೆ ಒಪ್ಪಿಕೊಂಡಿದ್ದರೆ, ತಲೆ ತಗ್ಗಿಸಿದ್ದ ಆ ಮಗು ಬಹುಶಃ ತಲೆ ಎತ್ತುತ್ತಿತ್ತು. ನಮ್ಮ ಶಾಲೆಗಳಿಗೆ ಉಪಕರಣಗಳು ಬರಲಿ, ಪ್ರಯೋಗಶಾಲೆಗಳು ಬರಲಿ. ಅವುಗಳ ಜೊತೆಗೆ, ಸಾಕ್ಷ್ಯವಿಲ್ಲದೆ ಯಾರನ್ನೂ ದೂರಬಾರದೆಂಬ ಎಚ್ಚರವನ್ನೂ ನಾವು ಮಕ್ಕಳ ಕೈಗೆ ಕೊಡಬಲ್ಲೆವೇ?