ಅನ್ನದ ಋಣ, ಸಂಬಳದ ಬಾಕಿ

"ಫಾದರ್, ಈ ಕೆಲಸ ಬಿಟ್ಟರೆ ಪಾಪ ಆಗುತ್ತಾ?"

ಭಾನುವಾರದ ಬಲಿಪೂಜೆ ಮುಗಿದು ಜನರೆಲ್ಲ ಮನೆಗೆ ಹೊರಟ ಮೇಲೆ ಯುವಕನೊಬ್ಬ ಕೇಳಿದ ಪ್ರಶ್ನೆ ಇದು. ಗುಬ್ಬಿ ತಾಲೂಕಿನ ಹಾಗಲವಾಡಿಯ ಆಚೆ, ತೆಂಗಿನ ತೋಟದ ನಡುವೆ ಅವನ ಮನೆ. 2016ರಿಂದ ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪೆನಿಯಲ್ಲಿ ಅವನ ದುಡಿಮೆ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಸಾಫ್ಟ್‌ವೇರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಾಜಿನ ಕಟ್ಟಡ, ಕೊರಳಲ್ಲಿ ಗುರುತಿನ ಚೀಟಿ, ಕರೆದೊಯ್ಯಲು ಬರುವ ಬಸ್ಸು. ಇವನದು ಹಾಗಲ್ಲ. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹದಿಮೂರು ಜನ. ಅಂಗಡಿಗಳಿಗೆ, ಶಾಲೆಗಳಿಗೆ, ಸಹಕಾರ ಸಂಘಗಳಿಗೆ ಲೆಕ್ಕ ಬರೆಯುವ ತಂತ್ರಾಂಶ ಮಾಡಿಕೊಡುತ್ತಾರೆ. ಮಾಲೀಕರೇ ಗಿರಾಕಿ ಹುಡುಕಿ ತರುತ್ತಾರೆ, ಮಾಲೀಕರೇ ರಾತ್ರಿ ಕೂತು ತಪ್ಪು ತಿದ್ದುತ್ತಾರೆ, ಅವರ ಹೆಂಡತಿ ಸಂಬಳದ ಲೆಕ್ಕ ನೋಡುತ್ತಾರೆ. ರಜೆ ಬೇಕಾದರೆ ಅರ್ಜಿಯಿಲ್ಲ, ಅವರ ಮುಖ ನೋಡಿ ಕೇಳಬೇಕು. ಒಬ್ಬ ದೊಡ್ಡ ಗಿರಾಕಿ ಹಣ ತಡಮಾಡಿದರೆ ಹದಿಮೂರು ಮನೆಗಳಲ್ಲಿ ಬಾಡಿಗೆ ತಡವಾಗುತ್ತದೆ. ಇಪ್ಪತ್ತು ಜನಕ್ಕಿಂತ ಕಡಿಮೆ ಇರುವುದರಿಂದ ಭವಿಷ್ಯನಿಧಿಯೂ ಕಡ್ಡಾಯವಲ್ಲ.

ಆದರೂ ಅವನು ಆ ಜಾಗವನ್ನು ಪ್ರೀತಿಸಿದ್ದ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಎಲ್ಲ ಗಿರಾಕಿಗಳ ಬಿಲ್ಲಿನ ವ್ಯವಸ್ಥೆಯನ್ನೂ ಒಟ್ಟಿಗೇ ಬದಲಿಸಬೇಕಾಯಿತು. ಅಷ್ಟೂ ದಿನ ಎಲ್ಲರೂ ಆಫೀಸಿನಲ್ಲೇ ಚಾಪೆ ಹಾಸಿ ಮಲಗಿದರು. ಮಾಲೀಕರು ಮನೆಯಿಂದ ಅನ್ನ ಸಾರು ತಂದು ತಾವೇ ಬಡಿಸಿದರು. 2020ರ ಲಾಕ್‌ಡೌನ್‌ನಲ್ಲಿ ಒಬ್ಬರನ್ನೂ ತೆಗೆಯಲಿಲ್ಲ. ಲೆಕ್ಕ ಎಲ್ಲರ ಮುಂದಿಟ್ಟು, "ಅರ್ಧ ಸಂಬಳ ಕೊಡಬಲ್ಲೆ, ನಾನು ಏನೂ ತೆಗೆದುಕೊಳ್ಳುವುದಿಲ್ಲ" ಎಂದರು. ಇವನ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆ ಆದಾಗ ಕೇಳುವ ಮೊದಲೇ ಹಣ ಕಟ್ಟಿದವರು ಅವರೇ.

ಈಗ ಮೂರು ತಿಂಗಳ ಸಂಬಳ ಬಾಕಿ. ಯಾಕೆಂದು ಅವರು ಹೇಳಿಲ್ಲ, ಇವನೂ ಕೇಳಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿದ ಸುದ್ದಿ ಹೇಗೋ ತಿಳಿದು, ಅವರು ಕೇಳಿದ್ದು ಒಂದೇ ಮಾತು: "ನೀನೂ ಹೋಗ್ತೀಯೇನಪ್ಪಾ?"

ನಾನು ಆಗ ಕೊಟ್ಟ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ. "ಉಂಡ ಮನೆಗೆ ಎರಡು ಬಗೆಯಬಾರದಪ್ಪಾ. ಸ್ವಲ್ಪ ತಾಳು" ಎಂದೆ. ಅವನು ತಾಳಿದ. ಎರಡು ತಿಂಗಳ ಬಳಿಕ ಅವನ ತಾಯಿ ಬಂದರು. ನರ್ಸಿಂಗ್ ಓದುತ್ತಿರುವ ಮಗಳ ಶುಲ್ಕಕ್ಕೆ ಬಡ್ಡಿ ಸಾಲ ಮಾಡಿದ್ದರು. "ಸ್ವಾಮಿ, ಮಗ ಕೆಲಸಕ್ಕೆ ಹೋಗ್ತಾನೆ, ಸಂಬಳ ಬರಲ್ಲ. ಕೇಳೋ ಅಂದ್ರೆ, ಹೆಂಗಮ್ಮ ಕೇಳೋದು, ಅಪ್ಪನ್ನ ಉಳಿಸಿದೋರು ಅಂತಾನೆ" ಎಂದರು. ಅವರು ನನ್ನನ್ನು ದೂರಲಿಲ್ಲ. ಅದೇ ಹೆಚ್ಚು ನೋವಾಯಿತು.

ಪ್ರಿಯ ಓದುಗರೇ, ನಮ್ಮ ಭಾಷೆಯಲ್ಲಿ 'ಋಣ' ಎಂಬ ಮಾತು ಹಣದ ಸಾಲಕ್ಕೂ ಸಲ್ಲುತ್ತದೆ, ಉಪಕಾರದ ನೆನಪಿಗೂ ಸಲ್ಲುತ್ತದೆ. ನಾನು ಎಡವಿದ್ದು ಅಲ್ಲೇ. ಗುರುಮಠದಲ್ಲಿ ಓದಿದ ಸಂತ ತೋಮಾಸ್ ಅಕ್ವಿನಾಸರು ಇವೆರಡನ್ನೂ ಬೇರೆ ಬೇರೆಯಾಗಿ ನೋಡಿದ್ದಾರೆ. ನ್ಯಾಯದ ಸಾಲಕ್ಕೆ ಗೊತ್ತಾದ ಅಳತೆಯಿದೆ, ಅದನ್ನು ಕೇಳಿ ಪಡೆಯುವ ಹಕ್ಕಿದೆ. ಕೃತಜ್ಞತೆಯ ಋಣವೂ ನಿಜವಾದದ್ದೇ, ಆದರೆ ಅದು ಮನಸ್ಸಿನಿಂದ ಬರಬೇಕು. ಉಪಕಾರ ಪಡೆದೊಡನೆ ಮನಸ್ಸು ಕೃತಜ್ಞವಾಗಬೇಕು. ಪ್ರತ್ಯುಪಕಾರಕ್ಕೆ ಮಾತ್ರ ತಕ್ಕ ಸಮಯ ಕಾಯಬಹುದು ಎನ್ನುತ್ತಾರೆ ಅವರು. ಹಾಗಾದರೆ ತಂದೆಯ ಶಸ್ತ್ರಚಿಕಿತ್ಸೆಯ ಋಣ ಈ ಯುವಕನ ಮೇಲಿದೆ. ಆದರೆ ಅದನ್ನು ತನ್ನ ಸಂಬಳ ಬಿಟ್ಟುಕೊಟ್ಟು, ತಂಗಿಯ ಓದನ್ನು ಅಡವಿಟ್ಟು ಈಗಲೇ ತೀರಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ.

ಪವಿತ್ರ ಗ್ರಂಥದಲ್ಲಿ ಇಂಥ ಮನೆಯೊಂದಿದೆ. ಯಕೋಬನು ಸೋದರಮಾವ ಲಾಬಾನನ ಮನೆಯಲ್ಲಿ ಇಪ್ಪತ್ತು ವರ್ಷ ದುಡಿದ. ನಂಟನಾದ ಮಾತ್ರಕ್ಕೆ ನೀನು ಬಿಟ್ಟಿ ದುಡಿಯಬೇಕೇ, ಸಂಬಳ ಹೇಳು ಎಂದು ಮೊದಲು ಕೇಳಿದವನು ಲಾಬಾನನೇ. ಆಮೇಲೆ ಆ ಸಂಬಳವನ್ನು ಮತ್ತೆ ಮತ್ತೆ ಬದಲಿಸಿದವನೂ ಅವನೇ. ಕೊನೆಗೆ ಯಕೋಬ ಹೇಳದೆ ಕೇಳದೆ ಹೊರಟುಹೋದ. ಬೆನ್ನಟ್ಟಿ ಬಂದ ಮಾವನೂ ಅಳಿಯನೂ ಮನಸ್ಸಿನಲ್ಲಿದ್ದುದನ್ನೆಲ್ಲ ಆಡಿ, ಕಲ್ಲುಗಳ ಗುಡ್ಡೆ ಮಾಡಿ, ಒಪ್ಪಂದ ಮಾಡಿಕೊಂಡು ಬೇರೆಯಾದರು. ಇಪ್ಪತ್ತು ವರ್ಷ ಆಡದ ಮಾತನ್ನು ಆ ಒಂದು ದಿನ ಆಡಬೇಕಾಯಿತು.

ದ್ರಾಕ್ಷಿ ತೋಟದ ಯಜಮಾನನನ್ನೂ ನೋಡೋಣ. ಅವನು ಕೂಲಿಯಾಳುಗಳನ್ನು ಕರೆಯಲು ತಾನೇ ಹೋಗುತ್ತಾನೆ. ಕೊನೆಗೆ ಬಂದವರಿಗೂ ದಿನದ ಪೂರ್ತಿ ಕೂಲಿ ಕೊಡುವ ಅವನ ಔದಾರ್ಯದ ಬಗ್ಗೆ ನಾವು ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಆದರೆ ಒಂದು ಸಂಗತಿಯನ್ನು ಮರೆಯುತ್ತೇವೆ: ಮೊದಲು ಬಂದವರಿಗೆ ಒಪ್ಪಿದ ಕೂಲಿಯನ್ನು ಅವನು ಅಂದೇ ಸಂಜೆ ಕೊಟ್ಟಿದ್ದಾನೆ. ಅವನ ಔದಾರ್ಯ ನ್ಯಾಯದ ಮೇಲೆ ನಿಂತಿದೆ, ನ್ಯಾಯದ ಬದಲಿಗೆ ಬಂದಿಲ್ಲ. "ನಾವೆಲ್ಲ ಒಂದೇ ಮನೆಯವರು" ಎನ್ನುವ ಮಾಲೀಕರು ಇದನ್ನು ಗಮನಿಸಬೇಕು. 2020ರಲ್ಲಿ ಅರ್ಧ ಸಂಬಳ ಎಲ್ಲರೂ ತಿಳಿದು ಒಪ್ಪಿದ ತ್ಯಾಗವಾಗಿತ್ತು. ಈಗಿನ ಬಾಕಿ ಹೇಳದೆ ಹೇರಿದ ಭಾರ. ಕೈಯಲ್ಲಿ ಹಣವಿಲ್ಲದಿರುವುದು ದೋಷವಲ್ಲ. ಹೇಳದೆ ಇರುವುದು ದೋಷ.

ಗುಬ್ಬಿ ಸೀಮೆಯವರಿಗೆ 'ಕಂಪೆನಿ' ಎಂಬ ಪದ ಸಾಫ್ಟ್‌ವೇರ್‌ನಿಂದ ಬಂದದ್ದಲ್ಲ. 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪೆನಿ ನಮ್ಮದು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಅಂಥವರು ಅಲ್ಲಿ ಪಳಗಿದವರು. ಪಳಗಿದ ಮೇಲೆ ಸಿನಿಮಾಕ್ಕೆ ಹೋದರು. ಅದನ್ನು ಯಾರೂ ದ್ರೋಹ ಎನ್ನುವುದಿಲ್ಲ. ಅವರನ್ನು ಬೆಳೆಸಿದ್ದೇ ಆ ಕಂಪೆನಿಯ ಕೀರ್ತಿ ಎನ್ನುತ್ತೇವೆ. ಕಲಿಸಿದ ಮನೆಯ ಗೌರವ ಕಲಿತವನನ್ನು ಕಟ್ಟಿಹಾಕುವುದರಲ್ಲಿ ಇಲ್ಲ.

ಜಗದ್ಗುರು ಎರಡನೆಯ ಜಾನ್ ಪೌಲರು ಯೌವನದಲ್ಲಿ ಕಲ್ಲುಗಣಿಯಲ್ಲೂ ಕಾರ್ಖಾನೆಯಲ್ಲೂ ದುಡಿದವರು. ದುಡಿಮೆಯ ಕುರಿತು 1981ರಲ್ಲಿ ಅವರು ಬರೆದ ವಿಶ್ವಪತ್ರದಲ್ಲಿ, ಒಂದು ವ್ಯವಸ್ಥೆ ನ್ಯಾಯವಾಗಿದೆಯೇ ಎಂದು ತಿಳಿಯಲು ಅಲ್ಲಿ ದುಡಿಯುವವನಿಗೆ ನ್ಯಾಯವಾದ ಸಂಬಳ ಸಿಗುತ್ತಿದೆಯೇ ಎಂದು ನೋಡಬೇಕು ಎಂಬ ವಿಚಾರವಿದೆ. ಸಣ್ಣ ಕಂಪೆನಿಗೆ, ಒಳ್ಳೆಯ ಮನಸ್ಸಿನ ಮಾಲೀಕರಿಗೆ ಇದರಿಂದ ವಿನಾಯಿತಿ ಇಲ್ಲ.

ಇಷ್ಟು ಯೋಚಿಸಿ, ಆ ಮಾಲೀಕರ ಮೇಲೆ ಸ್ವಲ್ಪ ಕೋಪವನ್ನೂ ಇಟ್ಟುಕೊಂಡು, ನನ್ನ ಕೋಣೆಯ ಮೇಜಿನ ಮುಂದೆ ಕೂತೆ. ಕಾಗದಗಳ ಅಡಿಯಲ್ಲಿ ಒಂದು ಬಿಲ್ಲು ಸಿಕ್ಕಿತು. ನಮ್ಮ ಶಾಲೆಯ ಶುಲ್ಕದ ಲೆಕ್ಕಕ್ಕೆ ತಂತ್ರಾಂಶ ಮಾಡಿಕೊಟ್ಟ ಮತ್ತೊಂದು ಸಣ್ಣ ಕಂಪೆನಿಯದು. ಬಂದು ನಾಲ್ಕು ತಿಂಗಳಾಗಿತ್ತು. ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನಗಳೊಳಗೆ ಕೊಡಬೇಕೆಂದು 2006ರ ಕಾಯಿದೆಯೇ ಹೇಳುತ್ತದೆ. "ಚರ್ಚಿನವರಲ್ಲವೇ, ಕೊಡುತ್ತಾರೆ" ಎಂದು ಅವರೂ ಸುಮ್ಮನಿದ್ದಿರಬೇಕು. ಅಲ್ಲಿಯೂ ಒಬ್ಬ ತಾಯಿ ಬಡ್ಡಿ ಸಾಲ ಮಾಡಿರಬಹುದು. ಕೂಲಿಗಾರರಿಗೆ ಕೊಡದೆ ಹಿಡಿದಿಟ್ಟ ಕೂಲಿ ದೇವರ ಮುಂದೆ ಕೂಗಿಕೊಳ್ಳುತ್ತದೆ ಎಂಬ ಸಂತ ಯಕೋಬರ ಎಚ್ಚರಿಕೆಯನ್ನು ಬಲಿಪೀಠದಿಂದ ಎಷ್ಟು ಸಾರಿ ಓದಿದ್ದೇನೋ! ಅಂದೇ ಚೆಕ್ಕಿಗೆ ಸಹಿ ಹಾಕಿದೆ.

ಆಮೇಲೆ ಯುವಕನನ್ನು ಕರೆಸಿ, "ನಾನು ಹೇಳಿದ್ದು ತಪ್ಪಾಯಿತಪ್ಪಾ" ಎಂದೆ. ಕದ್ದು ಹೋಗಬೇಡ, ಎದುರು ಕೂತು ಮಾತಾಡು, ಬಾಕಿಯನ್ನು ನಾಚದೆ ಕೇಳು, ಹೊರಡುವ ಮುನ್ನ ನಿನ್ನ ಕೆಲಸವನ್ನು ಮತ್ತೊಬ್ಬರಿಗೆ ಪೂರ್ತಿ ಕಲಿಸು ಎಂದು ಹೇಳಿದೆ. ಅವನು ಹಾಗೆಯೇ ಮಾಡಿದ. ಆ ದಿನವೇ ಅವನಿಗೆ ತಿಳಿದದ್ದು: ಮಾಲೀಕರು ಮನೆಯನ್ನೇ ಅಡವಿಟ್ಟಿದ್ದರು, ಹೇಳಲು ಅವರಿಗೆ ಅವಮಾನ. ಬಾಕಿಯಲ್ಲಿ ಸ್ವಲ್ಪ ಬಂದಿದೆ, ಸ್ವಲ್ಪ ಬರಬೇಕಿದೆ. ಈಗ ಅವನು ಬೇರೆ ಕಡೆ ಇದ್ದಾನೆ. ಹಳೆಯ ಕಂಪೆನಿಯಲ್ಲಿ ಏನಾದರೂ ಕೆಟ್ಟು ನಿಂತರೆ ಭಾನುವಾರ ಸಂಜೆ ತೋಟದ ಮನೆಯಿಂದಲೇ ಫೋನಿನಲ್ಲಿ ದಾರಿ ಹೇಳಿಕೊಡುತ್ತಾನೆ. ಅದಕ್ಕೆ ಹಣ ಕೇಳುವುದಿಲ್ಲ. ಅದು ಕೃತಜ್ಞತೆಯ ಋಣ; ಅದನ್ನು ಅವನು ತಕ್ಕ ಸಮಯದಲ್ಲಿ, ತನ್ನ ಮನಸ್ಸಿನಿಂದ ತೀರಿಸುತ್ತಿದ್ದಾನೆ.

ಈ ವಾರ ಒಂದು ಕೆಲಸ ಮಾಡೋಣ. ಮನೆಗೆಲಸದವಳಿಂದ ಹಿಡಿದು ತೆಂಗಿನಕಾಯಿ ಕೀಳುವವನವರೆಗೆ ನಾವು ಯಾರಿಗೆ ಕೊಡಬೇಕಾಗಿದೆ ಎಂದು ಮೇಜಿನ ಕಾಗದಗಳನ್ನೊಮ್ಮೆ ಎತ್ತಿ ನೋಡೋಣ. ಬಡಗಿಯ ಅಂಗಡಿಯಲ್ಲಿ ಬೆಳೆದ ಪ್ರಭು ಯೇಸುವಿಗೂ, ದುಡಿದು ಆ ಮನೆಯನ್ನು ಸಾಕಿದ ಸಂತ ಜೋಸೆಫರಿಗೂ ತಡವಾಗಿ ಬರುವ ಕೂಲಿಯ ಕಷ್ಟ ಗೊತ್ತಿದ್ದೀತು. ಕೊಡಬೇಕಾದದ್ದನ್ನು ಕೊಡುವ ಮನಸ್ಸನ್ನೂ, ಕೇಳಬೇಕಾದದ್ದನ್ನು ಕೇಳುವ ಧೈರ್ಯವನ್ನೂ ಅವರು ನಮಗೆ ಬೇಡಿ ಕೊಡಿಸಲಿ.