ಸಲಹೆಯೂ ಒಂದು ಅಮಾನತ್

ಯಾರಾದರೂ ನಮ್ಮ ಮನೆಯಲ್ಲಿ ಒಂದು ಜೊತೆ ಬಳೆ ಇಟ್ಟು ಪರವೂರಿಗೆ ಹೋದರೆ, ಅವರು ಮರಳುವ ತನಕ ನಮಗೆ ನೆಮ್ಮದಿಯ ನಿದ್ದೆ ಬರುವುದಿಲ್ಲ. ಅದು ಅಮಾನತ್, ಅದರ ಬಗ್ಗೆ ನಾಳೆ ಅಲ್ಲಾಹನ ಮುಂದೆ ವಿಚಾರಣೆಯಿದೆ ಎಂಬ ಭಯ ನಮ್ಮಲ್ಲಿ ಇನ್ನೂ ಉಳಿದಿದೆ. ಆದರೆ ಹತ್ತನೇ ತರಗತಿಯ ಹುಡುಗನೊಬ್ಬ ಬಂದು ‘ಮುಂದೆ ನಾನೇನು ಮಾಡಲಿ?’ ಎಂದು ಕೇಳಿದಾಗ, ಚಹಾದ ಲೋಟ ಕೆಳಗಿಡದೆಯೇ ಬಾಯಿಗೆ ಬಂದುದನ್ನು ಹೇಳಿ ಕಳುಹಿಸಿಬಿಡುತ್ತೇವೆ. ಅವನು ತನ್ನ ಮುಂದಿನ ಬದುಕನ್ನೇ ನಮ್ಮ ಕೈಯಲ್ಲಿಟ್ಟು ಕೇಳಿದ್ದಾನೆ ಎಂಬ ಅರಿವು ನಮಗಿರುವುದಿಲ್ಲ. ಸಲಹೆ ಕೇಳಲ್ಪಟ್ಟವನು ಅಮಾನತ್ತಿನ ಹೊಣೆ ಹೊತ್ತವನು ಎಂಬ ಅರ್ಥದ ಪ್ರವಾದಿ(ಸ) ವಚನವು ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ಬಳೆಯ ವಿಷಯದಲ್ಲಿ ಇಷ್ಟೊಂದು ಎಚ್ಚರ ವಹಿಸುವ ನಾವು ಈ ವಚನವನ್ನು ಮಾತ್ರ ಏಕೆ ಮರೆತಿದ್ದೇವೆ?

ನಮ್ಮ ಜಿಲ್ಲೆಯನ್ನೇ ನೋಡೋಣ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಎರಡು ಮೂರು ವಾರಗಳಲ್ಲಿ ಸಮುದಾಯದ ನೂರಾರು ಮಕ್ಕಳ ಹಣೆಬರಹ ತೀರ್ಮಾನವಾಗಿಬಿಡುತ್ತದೆ. ತೀರ್ಮಾನಿಸುವವರು ಯಾರು? ಪಕ್ಕದ ಮನೆಯ ಹುಡುಗ ಯಾವ ಕಾಲೇಜಿಗೆ ಸೇರಿದ ಎಂಬ ಸುದ್ದಿ. ಬೆಂಗಳೂರಿನಲ್ಲಿ ಕೆಲಸ ಕೊಡಿಸುತ್ತೇನೆಂದ ಮಾಮೂವಿನ ಫೋನು. ಅಥವಾ ಮನೆಯ ಸಾಲ.

ಶಿಡ್ಲಘಟ್ಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಅಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಗೂಡು ಬೇಯಿಸಿ ನೂಲು ಬಿಚ್ಚುವ ಕಸುಬಿನಲ್ಲಿ ನಮ್ಮವರ ಕುಟುಂಬಗಳು ತಂದೆಯಿಂದ ಮಗನಿಗೆಂಬಂತೆ ನಡೆದು ಬಂದಿವೆ. ಅನೇಕರಿಗೆ ಮನೆಯೂ ಕಾರ್ಖಾನೆಯೂ ಒಂದೇ ಗೋಡೆಯ ಆಚೀಚೆ. ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕಲು ಚುರುಕಾದ ಬೆರಳು ಬೇಕು, ಮಕ್ಕಳ ಬೆರಳು ಚುರುಕಾಗಿರುತ್ತದೆ. ಹದಿನಾಲ್ಕು ತುಂಬದ ಮಕ್ಕಳನ್ನು ಯಾವುದೇ ಕೆಲಸಕ್ಕಿಡುವುದನ್ನು ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿ ನಿಷೇಧಿಸಿತಾದರೂ, ಶಾಲೆಯ ವೇಳೆಯ ನಂತರ ಮನೆಯ ಕಸುಬಿಗೆ ನೆರವಾಗುವುದಕ್ಕೆ ಅವಕಾಶ ಉಳಿಸಿತು. ಇತ್ತ 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯೂ ಆರರಿಂದ ಹದಿನಾಲ್ಕು ವರ್ಷದವರಿಗಷ್ಟೇ ಅನ್ವಯಿಸುತ್ತದೆ. ಎಂದರೆ ಹುಡುಗ ಹೈಸ್ಕೂಲಿನ ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ ಕಾನೂನು ಅವನ ಕೈ ಬಿಡುತ್ತದೆ. ಅಲ್ಲಿಂದ ಮುಂದೆ ಅವನಿಗೆ ಇರುವುದು ನಾವು ಮಾತ್ರ. ನಿಮ್ಮಲ್ಲಿ ಪ್ರತಿಯೊಬ್ಬನೂ ಕುರುಬನಂತೆ ತನ್ನ ಮಂದೆಯ ಬಗ್ಗೆ ಪ್ರಶ್ನಿಸಲ್ಪಡುವನು ಎಂಬ ಆಶಯದ ಹದೀಸನ್ನು ನಾವು ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುವುದು ಬಹುಶಃ ಈ ವಯಸ್ಸಿನ ಮಕ್ಕಳ ವಿಷಯದಲ್ಲೇ.

ರೇಷ್ಮೆಯ ಎಳೆಯಲ್ಲೇ ಬೆಳೆದ ಈ ಹುಡುಗನಿಗೆ ಒಂದು ಸಂಗತಿಯನ್ನು ಯಾರೂ ಹೇಳಿರುವುದಿಲ್ಲ. ರೇಷ್ಮೆಯೂ ಒಂದು ಪದವಿಯ ವಿಷಯ. ಅದಕ್ಕೆಂದೇ ಆರಂಭವಾದ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಪಕ್ಕದ ಚಿಂತಾಮಣಿ ತಾಲ್ಲೂಕಿನಲ್ಲೇ ಇದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಅಲ್ಲಿಗೆ ದಾರಿಯಿದೆ. ಚಿಂತಾಮಣಿಯಲ್ಲಿಯೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಹತ್ತನೇ ತರಗತಿಯ ಬಳಿಕ ಮೂರು ವರ್ಷದ ಡಿಪ್ಲೊಮಾ ಮಾಡಿದವನು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಐಟಿಐ ಮುಗಿಸಿದವನಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿಯಿದೆ. ‘ಐಟಿಐಗೆ ಹೋದರೆ ಅಲ್ಲಿಗೇ ಮುಗಿಯಿತು’ ಎಂದು ತಲೆಯಾಡಿಸುವ ಹಿರಿಯರಿಗೆ ಇದು ಗೊತ್ತಿಲ್ಲ. ಗೌರಿಬಿದನೂರಿನ ಬಳಿ 1976ರಿಂದಲೂ ರೇಡಿಯೋ ದೂರದರ್ಶಕದ ಕೇಂದ್ರವೊಂದು ಸೂರ್ಯನನ್ನು ಅಧ್ಯಯನ ಮಾಡುತ್ತಿದೆ. ಅದೇ ತಾಲ್ಲೂಕಿನ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅದರ ಹೆಸರು ಕೇಳಿದ್ದಾರೆ? ಚಿಕ್ಕಬಳ್ಳಾಪುರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಬಾಗಿಲುಗಳು ಊರಲ್ಲಿವೆ, ಅವು ಬಾಗಿಲುಗಳೆಂದು ಹೇಳುವವರಿಲ್ಲ.

ಇಲ್ಲಿ ಒಂದು ಆಕ್ಷೇಪ ಕೇಳಿಬರುತ್ತದೆ. ‘ರಿಜ್ಕ್ ಅಲ್ಲಾಹನ ಕೈಯಲ್ಲಿದೆ, ಅವನ ನಸೀಬಿನಲ್ಲಿದ್ದರೆ ಆಗುತ್ತದೆ.’ ರಿಜ್ಕ್ ಅಲ್ಲಾಹನದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಹಾಗೆ ಹೇಳುವ ತಂದೆ ಗೂಡು ಕೊಳ್ಳುವಾಗ ನಸೀಬಿಗೆ ಬಿಡುವುದಿಲ್ಲ. ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡುತ್ತಾನೆ, ಯಾವ ಊರಿನ ಗೂಡೆಂದು ವಿಚಾರಿಸುತ್ತಾನೆ, ದರಕ್ಕಾಗಿ ಹಠ ಹಿಡಿಯುತ್ತಾನೆ. ಒಂದು ದಿನದ ಗೂಡಿಗೆ ತೋರುವ ತವಕ್ಕುಲ್ ಮತ್ತು ಮಗನ ಇಡೀ ಬದುಕಿಗೆ ತೋರುವ ತವಕ್ಕುಲ್ ಬೇರೆ ಬೇರೆಯಾದರೆ, ಎರಡನೆಯದಕ್ಕೆ ಆ ಹೆಸರು ಸಲ್ಲುತ್ತದೆಯೇ ಎಂದು ಯೋಚಿಸಬೇಕು. ನನ್ನ ಮಟ್ಟಿಗೆ ಅದು ಸೋಮಾರಿತನ.

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 233ನೇ ಸೂಕ್ತವನ್ನು ಗಮನಿಸಿರಿ. ಮಗುವಿಗೆ ಹಾಲು ಬಿಡಿಸುವ ವಿಷಯ ಅಲ್ಲಿದೆ. ಅವಧಿಗೆ ಮುಂಚೆ ಹಾಲು ಬಿಡಿಸುವುದಾದರೆ ತಂದೆ ತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಿ ಮಾಡಬೇಕೆಂದು ಅಲ್ಲಾಹನು ಕಲಿಸಿದ್ದಾನೆ. ಇನ್ನೂ ಮಾತು ಬಾರದ ಕೂಸಿನ ವಿಷಯದಲ್ಲೇ ಒಬ್ಬರ ಏಕಪಕ್ಷೀಯ ತೀರ್ಮಾನ ಸಲ್ಲದು ಎಂದಾದರೆ, ಹದಿನಾರು ವರ್ಷದ, ಮಾತು ಬಲ್ಲ, ಮನಸ್ಸುಳ್ಳ ಮಗುವನ್ನು ಶಾಲೆ ಬಿಡಿಸುವಾಗ? ಇನ್ನು ಅಸ್ಸಾಫ್ಫಾತ್ ಅಧ್ಯಾಯದಲ್ಲಿ ಇಬ್ರಾಹೀಮರ(ಅ) ಪ್ರಸಂಗವಿದೆ. ಅವರು ಕಂಡದ್ದು ಪ್ರವಾದಿಯ ಕನಸು, ಅಂದರೆ ದಿವ್ಯಾಜ್ಞೆ. ಆದರೂ ಅವರು ಅದನ್ನು ಮಗನಿಗೆ ತಿಳಿಸಿ ಅವನ ಅಭಿಪ್ರಾಯ ಕೇಳಿದರು. ಅಲ್ಲಾಹನ ಆಜ್ಞೆಯೇ ಕೈಯಲ್ಲಿದ್ದ ತಂದೆ ಮಗನನ್ನು ಕೇಳಿದರೆಂದ ಮೇಲೆ, ನೆರೆಮನೆಯವರ ಮಾತನ್ನು ಮಾತ್ರ ಕೈಯಲ್ಲಿ ಹಿಡಿದ ತಂದೆ ಕೇಳದಿರುವುದು ಹೇಗೆ ಸರಿ?

ಮಗುವಿನ ಒಲವನ್ನು ಗುರುತಿಸುವುದು ಇತ್ತೀಚಿನವರು ಹುಟ್ಟುಹಾಕಿದ ವಿಚಾರವೆಂದು ಕೆಲವರು ಭಾವಿಸಿದ್ದಾರೆ. 1350ರಲ್ಲಿ ನಿಧನರಾದ ದಮಾಸ್ಕಸ್‌ನ ವಿದ್ವಾಂಸ ಇಬ್ನುಲ್ ಕಯ್ಯಿಮ್ ಮಕ್ಕಳ ಪಾಲನೆಯ ಕುರಿತು ಬರೆದ ‘ತುಹ್ಫತುಲ್ ಮೌದೂದ್’ ಗ್ರಂಥದಲ್ಲಿ, ಮಗು ಯಾವುದಕ್ಕೆ ಯೋಗ್ಯವಾಗಿದೆಯೆಂದು ಪರಿಶೀಲಿಸಬೇಕು, ಬೇರೆಯದಕ್ಕೆ ಬಲವಂತವಾಗಿ ತಳ್ಳಬಾರದು ಎಂಬ ವಿಚಾರವನ್ನು ವಿವರಿಸಿದ್ದಾರೆ. ಗ್ರಹಿಕೆಯೂ ಸ್ಮರಣೆಯೂ ಉಳ್ಳವನಿಗೆ ವಿದ್ಯೆ, ಕೈಕಸುಬಿನತ್ತ ಮನಸ್ಸುಳ್ಳವನಿಗೆ ಕಸುಬು, ಹೀಗೆ. ಕಸುಬನ್ನು ಅವರು ಕೀಳೆಂದು ಕಂಡಿಲ್ಲ ಎಂಬುದನ್ನೂ ಗಮನಿಸಬೇಕು. ಮಗ ಚರಕದ ಮುಂದೆ ಕೂರುವುದು ತಪ್ಪಲ್ಲ. ನೋಡದೆ, ಕೇಳದೆ ಕೂರಿಸುವುದು ತಪ್ಪು.

ಝೈದ್ ಬಿನ್ ಸಾಬಿತ್(ರ) ಎಂಬ ಸಹಾಬಿಯ ಬಾಲ್ಯವನ್ನು ನೋಡಿರಿ. ಪ್ರವಾದಿ(ಸ)ರವರು ಮದೀನಕ್ಕೆ ಬಂದಾಗ ಅವರಿಗೆ ಸುಮಾರು ಹನ್ನೊಂದು ವರ್ಷ. ಬದ್ರ್‌ಗೆ ಹೊರಟವರಲ್ಲಿ ವಯಸ್ಸು ಸಾಲದೆಂದು ಹಿಂದಿರುಗಿಸಲ್ಪಟ್ಟವರಲ್ಲಿ ಅವರೂ ಒಬ್ಬರು. ಆದರೆ ಈ ಬಾಲಕ ಎಷ್ಟೊಂದು ಅಧ್ಯಾಯಗಳನ್ನು ಕಂಠಪಾಠ ಮಾಡಿದ್ದಾನೆಂದು ಜನರು ತಂದು ತೋರಿಸಿದಾಗ ಪ್ರವಾದಿ(ಸ)ರವರು ಓದಿಸಿ ಕೇಳಿ ಸಂತೋಷಪಟ್ಟರು. ಅಷ್ಟಕ್ಕೇ ನಿಲ್ಲದೆ, ಯಹೂದಿಯರ ಲಿಪಿಯನ್ನು ಕಲಿ ಎಂದು ನಿರ್ದಿಷ್ಟವಾದ ಒಂದು ದಾರಿಯನ್ನು ತೋರಿಸಿದರು. ಅರ್ಧ ತಿಂಗಳು ಕಳೆಯುವಷ್ಟರಲ್ಲಿ ಝೈದ್ ಅದನ್ನು ಕಲಿತರೆಂದು ವರದಿಯಿದೆ. ಮುಂದೆ ಅಬೂಬಕ್ಕರ್(ರ)ರವರ ಕಾಲದಲ್ಲಿ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಮಹಾಕಾರ್ಯ ಅವರ ಹೆಗಲಿಗೇ ಬಂತು. ಮೂರು ಕೆಲಸಗಳು ಇಲ್ಲಿ ನಡೆದಿವೆ. ಊರಿನವರು ಬಾಲಕನ ಪ್ರತಿಭೆಯನ್ನು ಕಂಡರು, ಅದನ್ನು ಬಲ್ಲವರ ಬಳಿಗೆ ಕರೆದೊಯ್ದರು, ಬಲ್ಲವರು ಇಂಥದನ್ನೇ ಕಲಿ ಎಂದು ಹೇಳಿದರು. ನಮ್ಮ ಮೊಹಲ್ಲಾಗಳಲ್ಲಿ ಮೊದಲನೆಯದೇ ನಡೆಯುತ್ತಿಲ್ಲ.

ಇಷ್ಟು ಹೇಳಿ ಬಡತನದ ಬಗ್ಗೆ ಮೌನವಾಗಿದ್ದರೆ ಅದು ಅನ್ಯಾಯ. ಮುಂಗಡದ ಸಾಲವಿದೆ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ತಂದೆಗೆ ಹಬೆಯಲ್ಲಿ ನಿಂತು ನಿಂತು ಉಬ್ಬಸ. ಅಂತಹವನು ಹಿರಿಯ ಮಗನನ್ನು ದುಡಿಮೆಗೆ ಕರೆದರೆ ಅವನನ್ನು ದೂರುವ ಹಕ್ಕು ಹೊಟ್ಟೆ ತುಂಬಿದವರಿಗೆ ಇಲ್ಲ. ತಂದೆ ತಾಯಿಗೆ ಆಸರೆಯಾಗುವುದು ಮಗನ ಪಾಲಿಗೆ ಪುಣ್ಯದ ಕೆಲಸವೂ ಹೌದು. ಬಡತನ ಪಾಪವಲ್ಲ. ಹಾಗಾದರೆ ಅಮಾನತ್ತಿನ ಖಿಯಾನತ್ ಎಲ್ಲಿ ಆರಂಭವಾಗುತ್ತದೆ? ತಂದೆ ‘ಮಗನೇ, ಸಾಲ ತೀರಿಸಲು ನಿನ್ನ ಕೈ ಬೇಕಾಗಿದೆ, ಎರಡು ವರ್ಷ ನೆರವಾಗು, ನಂತರ ಓದುವ ದಾರಿ ಹುಡುಕೋಣ’ ಎಂದು ಹೇಳುವ ಬದಲು ‘ನಿನ್ನ ತಲೆಗೆ ಓದು ಹತ್ತುವುದಿಲ್ಲ’ ಎಂದಾಗ. ಮೊದಲನೆಯ ಮಾತು ಕಷ್ಟವಾದರೂ ಸತ್ಯ. ಎರಡನೆಯದು ತನ್ನ ಅಗತ್ಯವನ್ನು ಮಗನ ದಡ್ಡತನವೆಂದು ತಿರುಚಿ ಹೇಳಿದ ಸುಳ್ಳು. ಹುಡುಗ ಆ ಸುಳ್ಳನ್ನು ನಂಬುತ್ತಾನೆ, ಏಕೆಂದರೆ ಹೇಳಿದವರು ಅಬ್ಬಾ. ಸಾಲ ತೀರಿದ ಮೇಲೂ, ಮುಕ್ತ ಶಾಲೆಯ ಪರೀಕ್ಷೆಯೋ ಸಂಜೆ ಕಾಲೇಜೋ ಎದುರಿಗಿದ್ದರೂ, ಅವನು ಅತ್ತ ತಿರುಗುವುದಿಲ್ಲ. ಇಪ್ಪತ್ತೈದು ವರ್ಷದ ಯುವಕರು ‘ನಮಗೆಲ್ಲಿಯ ಓದು, ಹಜರತ್’ ಎಂದು ನಗುವುದನ್ನು ಕಂಡವರಿಗೆ ಆ ನಗುವಿನ ಹಿಂದೆ ಯಾರ ಮಾತಿದೆಯೆಂದು ತಿಳಿಯುತ್ತದೆ.

ಇದೇ ತಕ್ಕಡಿಯಲ್ಲಿ ಹೆಣ್ಣುಮಕ್ಕಳ ವಿಷಯವನ್ನೂ ತೂಗಬೇಕು. ತಾಲ್ಲೂಕಿನ ಹೊರಗೆ ಒಬ್ಬಳೇ ಬಸ್ಸಿನಲ್ಲಿ ಕಳುಹಿಸಲು ತಾಯಿಗೆ ಅಂಜಿಕೆಯಿದ್ದರೆ ಅದನ್ನು ಅಂಜಿಕೆಯೆಂದೇ ಹೇಳಲಿ. ಆಗ ಇಬ್ಬರು ಮೂವರು ಹುಡುಗಿಯರನ್ನು ಜೊತೆಯಾಗಿ ಕಳುಹಿಸುವ, ಹಾಸ್ಟೆಲ್ ವಿಚಾರಿಸುವ, ಊರಿನ ಕಾಲೇಜಿನಲ್ಲೇ ಏನಿದೆಯೆಂದು ನೋಡುವ ದಾರಿಗಳು ತೆರೆಯುತ್ತವೆ. ‘ದೀನ್ ಒಪ್ಪುವುದಿಲ್ಲ’ ಎಂದುಬಿಟ್ಟರೆ ಎಲ್ಲವೂ ಮುಚ್ಚುತ್ತದೆ. ಜೊತೆಗೆ ದೀನಿನ ಹೆಸರಿನಲ್ಲಿ ನಮ್ಮ ಅಂಜಿಕೆಯನ್ನು ಹೇಳಿದಂತಾಗುತ್ತದೆ, ಇದು ಸಣ್ಣ ವಿಷಯವಲ್ಲ. ಮದ್ರಸಾದ ವಿಷಯದಲ್ಲೂ ಒಂದು ಮಾತು. ಶಾಲೆಯಲ್ಲಿ ಮುಂದಿರುವ ಮಗನನ್ನು ವಿಜ್ಞಾನಕ್ಕೂ ಹಿಂದುಳಿದವನನ್ನು ಮದ್ರಸಾಕ್ಕೂ ಹಂಚುವ ಕುಟುಂಬಗಳಿವೆ. ಅಲ್ಲಾಹನ ಗ್ರಂಥಕ್ಕೆ ಉಳಿದದ್ದನ್ನು ಕೊಡುವ ಈ ಲೆಕ್ಕಾಚಾರ ಇಬ್ಬರು ಮಕ್ಕಳಿಗೂ ಅವಮಾನ.

ನಮ್ಮ ನೆಲದ ಒಂದು ಉದಾಹರಣೆಯಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರಿಗೆ ಊರಿನ ಶಾಲೆ ಮುಗಿದಾಗ ಮುಂದೆ ದಾರಿಯಿರಲಿಲ್ಲ. ಅವರಿಗೆ ಪಾಠ ಹೇಳಿ ಬಳಿಕ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದ ಮುಖ್ಯೋಪಾಧ್ಯಾಯರೊಬ್ಬರು ಅಲ್ಲಿಗೆ ಬಾ ಎಂದು ಕರೆದರು. ಬಸ್ಸಿಗೆ ಹಣವಿಲ್ಲದ ಹುಡುಗ ಎರಡು ದಿನ ನಡೆದು ಬೆಂಗಳೂರು ಸೇರಿದ. ಆತ ಮುಂದೆ ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜುಗಳು ಬಂದುದರಲ್ಲಿ ಅವರ ಶ್ರಮವಿದೆ. ಅವರ ವಿಚಾರವಾದವನ್ನು ನಾವು ಒಪ್ಪುವುದಿಲ್ಲ, ಸೃಷ್ಟಿಕರ್ತನ ಬಗೆಗಿನ ನಮ್ಮ ನಂಬಿಕೆಯೇ ಬೇರೆ. ಆದರೆ ಕಾಲ್ನಡಿಗೆಯ ಕತೆಯನ್ನು ಎಲ್ಲರೂ ಹೇಳುತ್ತಾರೆ, ಕರೆದ ಮೇಷ್ಟ್ರನ್ನು ನೆನೆಯುವವರು ಕಡಿಮೆ. ಕಾಲು ಹುಡುಗನದು, ದಿಕ್ಕು ಹೇಳಿದವರು ಆ ಮೇಷ್ಟ್ರು.

‘ನಮಗೇ ಇದೆಲ್ಲ ಗೊತ್ತಿಲ್ಲವಲ್ಲ, ಏನು ಹೇಳುವುದು?’ ಎಂದು ಕೇಳುವ ತಂದೆತಾಯಿಯರಿದ್ದಾರೆ. ಇದು ಪ್ರಾಮಾಣಿಕ ಪ್ರಶ್ನೆ. ಇಮಾಮ್ ಮಾಲಿಕ್‌ರ ಮುಂದೆ ಹಲವಾರು ಪ್ರಶ್ನೆಗಳನ್ನಿಟ್ಟಾಗ ಹೆಚ್ಚಿನವಕ್ಕೆ ನನಗೆ ತಿಳಿಯದು ಎಂದೇ ಅವರು ಉತ್ತರಿಸಿದರೆಂದು ದಾಖಲಾಗಿದೆ. ಹಾಗೆ ಹೇಳಲು ನಾವೇಕೆ ನಾಚಬೇಕು? ಗೊತ್ತಿಲ್ಲ ಎಂದು ಹೇಳಿ, ಮಗುವನ್ನು ಕರೆದುಕೊಂಡು ಶಾಲೆಯ ಮುಖ್ಯೋಪಾಧ್ಯಾಯರ ಬಳಿಗೋ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಗೋ ಹೋಗಿ ಕುಳಿತರೆ ಅಮಾನತ್ತಿನ ಅರ್ಧ ಭಾಗ ತೀರಿದಂತೆ. ಆದರೆ ಹತ್ತನೆಯ ಫಲಿತಾಂಶದವರೆಗೆ ಕಾಯಬಾರದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಡ ಮಕ್ಕಳಿಗಾಗಿ 2008ರಲ್ಲಿ ಆರಂಭವಾದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನದ ಪರೀಕ್ಷೆ ನಡೆಯುವುದು ಎಂಟನೇ ತರಗತಿಯಲ್ಲಿ. ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಒಂಬತ್ತಕ್ಕೆ ಕಾಲಿಟ್ಟ ಮೇಲೆ ಈ ಬಾಗಿಲನ್ನು ತಟ್ಟುವಂತಿಲ್ಲ. ಮುಂಗಡಕ್ಕಾಗಿ ಮಗನನ್ನು ಒಪ್ಪಿಸುವ ಮುನ್ನ ಈ ಮೊತ್ತವನ್ನು ನಾಲ್ಕರಿಂದ ಗುಣಿಸಿ ನೋಡಿರಿ. ಅರ್ಜಿಗೆ ಬೇಕಾದ ಆದಾಯ ಪ್ರಮಾಣಪತ್ರಕ್ಕಾಗಿ ಮಗು ಏಳನೇ ತರಗತಿಯಲ್ಲಿರುವಾಗಲೇ ತಾಲ್ಲೂಕು ಕಚೇರಿಗೆ ಅಥವಾ ನಾಡಕಚೇರಿಗೆ ಒಮ್ಮೆ ಹೋಗಿ ಬಂದರೆ ಒಳಿತು.